ಚಿಪ್ ತನ್ನ ಬಿಸಿಯನ್ನು ತಾನೇ ಅಳೆಯುವುದು ಹೇಗೆ?

ಪ್ರಶ್ನೆ: ವಿಡಿಯೊ ಎಡಿಟ್ ಮಾಡುವಾಗ ನನ್ನ ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರ್ 95 ಡಿಗ್ರಿ ಅಂತ ತೋರಿಸುತ್ತದೆ. ಅಷ್ಟು ಚಿಕ್ಕ ಚಿಪ್‌ನೊಳಗೆ ಥರ್ಮಾಮೀಟರ್ ಎಲ್ಲಿರುತ್ತದೆ? ಆ ಅಂಕಿಯನ್ನು ನಂಬಬಹುದೇ?

ಉತ್ತರ: ಹೊರಗಿನಿಂದ ತಂದು ಕೂರಿಸಿದ್ದು ಏನೂ ಇಲ್ಲ. ಚಿಪ್‌ನಲ್ಲಿರುವ ಟ್ರಾನ್ಸಿಸ್ಟರನ್ನೇ ಥರ್ಮಾಮೀಟರ್ ಮಾಡಿಕೊಳ್ಳುತ್ತಾರೆ. ಬೈಪೋಲಾರ್ ಟ್ರಾನ್ಸಿಸ್ಟರಿನಲ್ಲಿ ಒಂದೇ ಸಮನೆ ಕರೆಂಟ್ ಹರಿಯುತ್ತಿದ್ದರೂ, ಬಿಸಿ ಏರಿದಂತೆ ಅದರ ಬೇಸ್–ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುತ್ತದೆ. ಬೇರೆ ಸರ್ಕ್ಯೂಟ್ ವಿನ್ಯಾಸಕಾರರು ಈ ಗುಣವನ್ನು ಶಪಿಸುತ್ತಲೇ ಅದಕ್ಕೊಂದು ಪರಿಹಾರ ಹುಡುಕುತ್ತಿರುತ್ತಾರೆ.

ತೊಡಕೆಂದರೆ, ತಯಾರಿಕೆಯಲ್ಲಿ ಒಂದು ಚಿಪ್ ಇನ್ನೊಂದರಂತೆ ಬರುವುದಿಲ್ಲ. ಒಂದರಲ್ಲಿ 60 ಡಿಗ್ರಿಗೆ ಸಿಗುವ ವೋಲ್ಟೇಜು ಮತ್ತೊಂದರಲ್ಲಿ 65ಕ್ಕೆ ಸಿಗಬಹುದು. ಇದಕ್ಕೆ ಕಂಡುಕೊಂಡಿರುವ ಉಪಾಯ ನನಗಂತೂ ಬಹಳ ಇಷ್ಟ. ಒಂದೇ ಅಳತೆಯ ಎರಡು ಟ್ರಾನ್ಸಿಸ್ಟರ್‌ಗಳನ್ನು ಅಕ್ಕಪಕ್ಕ ಮಾಡಿ, ಒಂದಕ್ಕಿಂತ ಇನ್ನೊಂದರಲ್ಲಿ, ಉದಾಹರಣೆಗೆ, ಎಂಟು ಪಟ್ಟು ಕರೆಂಟ್ ಹರಿಸುತ್ತಾರೆ. ಎರಡರ ವೋಲ್ಟೇಜುಗಳನ್ನು ಕಳೆದರೆ, ತಯಾರಿಕೆಯ ಏರುಪೇರು ಎರಡರಲ್ಲೂ ಒಂದೇ ಇರುವುದರಿಂದ ಹೊಡೆದುಹೋಗುತ್ತದೆ. ಉಳಿಯುವುದು ಬೋಲ್ಟ್ಸ್‌ಮನ್ ಸ್ಥಿರಾಂಕ, ಎಲೆಕ್ಟ್ರಾನಿನ ಆವೇಶ, ಎಂಟರ ಲಾಗರಿದಮ್, ಮತ್ತು ಕೆಲ್ವಿನ್ ಲೆಕ್ಕದ ಉಷ್ಣಾಂಶ. ಮೊದಲ ಮೂರು ಯಾವ ಕಾರ್ಖಾನೆಯಲ್ಲೂ ಬದಲಾಗುವಂಥವಲ್ಲ!

ಆದರೆ ಈ ವ್ಯತ್ಯಾಸ ಡಿಗ್ರಿಗೆ ಬರೀ 0.18 ಮಿಲಿವೋಲ್ಟ್. ಅದನ್ನು ಓದಿ ಅಂಕಿಯಾಗಿಸುವ ಆಂಪ್ಲಿಫೈಯರ್‌ನ ಸ್ವಂತ ದೋಷವೇ ಅದಕ್ಕಿಂತ ದೊಡ್ಡದಿರಬಹುದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಮಿಖೀಲ್ ಪರ್ಟೈಸ್, ಕೋಫಿ ಮಕಿನ್ವಾ ಮತ್ತು ಸಂಗಡಿಗರು ಇಂಥ ದೋಷಗಳನ್ನು ಒಂದೊಂದಾಗಿ ಕಳೆದು, ಮೈನಸ್ 55ರಿಂದ 125 ಡಿಗ್ರಿವರೆಗೆ ತಪ್ಪು 0.1 ಡಿಗ್ರಿ ಮೀರದ ಸೆನ್ಸರನ್ನು 2005ರಲ್ಲಿ ಪ್ರಕಟಿಸಿದರು.

ನಿಮ್ಮ ಲ್ಯಾಪ್‌ಟಾಪಿಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಅಲ್ಲಿ ಸೆನ್ಸರ್ ಪುಟ್ಟದಿರಬೇಕು, ಚುರುಕಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸರಿಯಾದ ಜಾಗದಲ್ಲಿರಬೇಕು. ಹೆಚ್ಚು ದುಡಿಯುವ ಮೂಲೆಯೊಂದು ಕೆಲವೇ ಮಿಲಿಮೀಟರ್ ಆಚೆಯ ಜಾಗಕ್ಕಿಂತ ಎಷ್ಟೋ ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಅದಕ್ಕೇ ಒಂದೊಂದು ಕೋರ್‌ಗೂ ಸೆನ್ಸರ್ ಇಡುತ್ತಾರೆ.

ಇನ್ನು ನಂಬಿಕೆಯ ಮಾತು. ಇಂಟೆಲ್ ಪ್ರೊಸೆಸರ್ ನೇರವಾಗಿ ಉಷ್ಣಾಂಶ ಹೇಳುವುದಿಲ್ಲ. ಗರಿಷ್ಠ ಮಿತಿ ಮುಟ್ಟಲು ಇನ್ನೆಷ್ಟು ಡಿಗ್ರಿ ಬಾಕಿ ಎಂದು ಹೇಳುತ್ತದೆ. ಮಿತಿ 100 ಇದ್ದು ಅದು 5 ಎಂದರೆ, ತಂತ್ರಾಂಶ ಕಳೆದು 95 ಎಂದು ತೋರಿಸುತ್ತದೆ. ಮಿತಿಯ ಹತ್ತಿರ ಈ ಲೆಕ್ಕ ಸರಿಯಾಗಿರುತ್ತದೆ, ತಣ್ಣಗಿದ್ದಾಗ ಸಡಿಲ. ಹಾಗಾಗಿ 95 ಅನ್ನು ನಂಬಿ. ಬೆಳಿಗ್ಗೆ ಆನ್ ಮಾಡಿದೊಡನೆ ಒಂದು ಕೋರ್ 30, ಇನ್ನೊಂದು 36 ಎಂದರೆ ತಲೆಕೆಡಿಸಿಕೊಳ್ಳಬೇಡಿ. 95ಕ್ಕೂ ಹೆದರಬೇಕಿಲ್ಲ. ಮಿತಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ, ಅದೂ ಸಾಲದಿದ್ದರೆ ಯಂತ್ರವೇ ಆಫ್ ಆಗುತ್ತದೆ. ಎಡಿಟಿಂಗ್ ಇತ್ತೀಚೆಗೆ ನಿಧಾನವಾಗಿದ್ದರೆ ಮಾತ್ರ ಫ್ಯಾನಿನ ಧೂಳು ತೆಗೆಸಿ ನೋಡಿ.