ಆರೋಗ್ಯ ವಿಮೆ: ವಂತಿಗೆಯ ಲೆಕ್ಕ, ರಕ್ಷಣೆಯ ಲೆಕ್ಕ

ಬೆಳೆ ಕೈಕೊಟ್ಟ ವರ್ಷ ರೈತ ಸಾಲಗಾರನಾಗುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಒಳ್ಳೆಯ ಫಸಲು ಬಂದ ವರ್ಷವೂ ಮನೆಯಲ್ಲಿ ಒಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದರೆ ಎತ್ತು, ಒಡವೆ, ಕೊನೆಗೆ ಜಮೀನು ಸಹ ಕೈಬಿಡುವುದುಂಟು. ಈ ಹೊರೆಯನ್ನು ಹಲವರು ಹಂಚಿಕೊಳ್ಳುವ ಏರ್ಪಾಡೇ ಆರೋಗ್ಯ ವಿಮೆ. ಇದರಿಂದ ಎಷ್ಟು ಮಂದಿಗೆ ರಕ್ಷಣೆ ದೊರೆಯಿತು, ಖರ್ಚು ಎಷ್ಟು ಇಳಿಯಿತು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕರ್ನಾಟಕದ ಅನುಭವದಿಂದಲೇ ಇದನ್ನು ಪರಿಶೀಲಿಸಬಹುದು.

ವಿಮೆ ನಡೆಯುವ ಬಗೆ

ಒಂದು ಉದಾಹರಣೆ ನೋಡೋಣ. 1,000 ಕುಟುಂಬಗಳು ತಲಾ 500 ರೂಪಾಯಿ ವಂತಿಗೆ ಕಟ್ಟಿದರೆ 5 ಲಕ್ಷ ರೂಪಾಯಿ ಸೇರುತ್ತದೆ. ವರ್ಷದಲ್ಲಿ 10 ಕುಟುಂಬಗಳಿಗೆ ತಲಾ 40,000 ರೂಪಾಯಿಯ ಚಿಕಿತ್ಸೆ ಬೇಕಾದರೆ ಖರ್ಚು 4 ಲಕ್ಷ. ಉಳಿದ ಹಣ ನಿರ್ವಹಣೆಗೆ ಸಾಕು. ಈಗ 'ನಮಗೇನೂ ಕಾಯಿಲೆ ಇಲ್ಲ' ಎಂದು 600 ಕುಟುಂಬಗಳು ಹೊರಗುಳಿದವು ಎನ್ನೋಣ. ಸೇರುವ ಹಣ 2 ಲಕ್ಷ ಮಾತ್ರ. ಕಾಯಿಲೆಯವರು ಒಳಗೇ ಇರುವುದರಿಂದ ಖರ್ಚು ಮಾತ್ರ 4 ಲಕ್ಷವೇ. ಆಗ ವಂತಿಗೆಯನ್ನು 1,000 ರೂಪಾಯಿಗಾದರೂ ಏರಿಸಬೇಕು. ಏರಿಸಿದರೆ ಮತ್ತಷ್ಟು ಮಂದಿ ಬಿಡುತ್ತಾರೆ. ಆದುದರಿಂದ ಹೆಚ್ಚು ಜನ ಸೇರಿದಷ್ಟೂ ತಲಾ ಖರ್ಚು ಕಡಿಮೆ.

ಯಶಸ್ವಿನಿಯ ಪಾಠ

ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಮೊದಲ ವರ್ಷದ ವಂತಿಗೆ ಒಬ್ಬರಿಗೆ 60 ರೂಪಾಯಿ. ಸರ್ಕಾರವೂ ತನ್ನ ಪಾಲು ನೀಡಿತು. ಮೊದಲ ವರ್ಷ ಸುಮಾರು 16 ಲಕ್ಷ, ಎರಡನೆಯ ವರ್ಷ ಸುಮಾರು 20 ಲಕ್ಷ ಜನ ಸೇರಿದರು. 2005-06ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಮೇಲಿನ ಉದಾಹರಣೆಯಲ್ಲಿ ಹೇಳಿದ ಅಪಾಯ ಇದೇ. ಮುಂದೆ ಸಂಖ್ಯೆ ಮತ್ತೆ ಏರಿತು. 2018ರಲ್ಲಿ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು. 2022-23ರಲ್ಲಿ ಅದನ್ನು ಪುನಃ ಆರಂಭಿಸಲಾಯಿತು. ಆಗ ಗ್ರಾಮೀಣ ಪ್ರದೇಶದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ ನಿಗದಿಯಾಯಿತು.

ಎರಡು ಅಧ್ಯಯನ, ಎರಡು ಫಲಿತಾಂಶ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಂತಿಗೆಯಿಲ್ಲದೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ನೀಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾಯಿತು. ಯೋಜನೆ ತಲುಪಿದ ಹಳ್ಳಿಗಳನ್ನೂ ಗಡಿಯಾಚೆಯ ತಲುಪದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಶೇ. 64ರಷ್ಟು ಕಡಿಮೆಯಿತ್ತು. ದೊಡ್ಡಾಸ್ಪತ್ರೆಯ ಚಿಕಿತ್ಸೆಗೆ ಕೈಯಿಂದ ಮಾಡಿದ ಖರ್ಚು ಶೇ. 34ರಷ್ಟು ಇಳಿದಿತ್ತು.

ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ 2015ರಿಂದ 2018ರವರೆಗೆ ನಡೆದ ಇನ್ನೊಂದು ಅಧ್ಯಯನ ಬೇರೆಯೇ ಚಿತ್ರ ನೀಡಿತು. ಇಲ್ಲಿ ಪರೀಕ್ಷಿಸಿದ್ದು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು. ವಿಮೆ ಉಚಿತವಾಗಿ ದೊರೆತಾಗ ಶೇ. 79ರಷ್ಟು ಕುಟುಂಬಗಳು ಸೇರಿದವು. ಹಣ ಕೊಟ್ಟು ಕೊಳ್ಳಬೇಕಾದಾಗ ಶೇ. 60ರಷ್ಟು. ಆದರೆ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಂಡುಬರಲಿಲ್ಲ. ಕಾರ್ಡು ಹಿಡಿದು ಹೋದವರಲ್ಲಿ ಹಲವರು ಅದನ್ನು ಬಳಸಲಾಗದೆ ಹಿಂತಿರುಗಿದ್ದರು.

ಎರಡನ್ನೂ ಒಟ್ಟಿಗೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆರೋಗ್ಯಶ್ರೀಯಲ್ಲಿ ಹಳ್ಳಿಗಳ ಕಡೆಗೇ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸುವ ಏರ್ಪಾಡಿತ್ತು. ಹೊಲಕ್ಕೆ ನೀರು ಹರಿಯದಿದ್ದರೆ ಕೆರೆ ತುಂಬಿದ್ದೂ ವ್ಯರ್ಥ. ಹಾಗೆಯೇ ಬಳಸಲಾಗದ ಕಾರ್ಡು ರಕ್ಷಣೆಯಲ್ಲ.

ವಿಮೆಯಿಂದಾಗದ ಕೆಲಸ

ಇಂತಹ ಯೋಜನೆಗಳು ಬಹುಮಟ್ಟಿಗೆ ಒಳರೋಗಿಗಳಾಗಿ ದಾಖಲಾದವರಿಗೆ ಸಂಬಂಧಿಸಿದವು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಪ್ರತಿ ತಿಂಗಳು ಕೊಳ್ಳುವ ಮಾತ್ರೆಗಳ ಖರ್ಚು ಸಾಮಾನ್ಯವಾಗಿ ಇವುಗಳಲ್ಲಿ ಸೇರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದುದು 2021-22ರಲ್ಲಿ ಶೇ. 39.4ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಸರ್ಕಾರದ ಪಾಲು ಶೇ. 28.6ರಿಂದ ಶೇ. 48ಕ್ಕೆ ಏರಿದುದನ್ನೂ ಗಮನಿಸಬೇಕು. ವಿಮೆಯ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರವೂ ಬಲವಾಗಬೇಕೆಂಬ ವಾದಕ್ಕೆ ಇದೇ ಆಧಾರ.

ರೈತರು ಗಮನಿಸಬೇಕಾದ ಅಂಶಗಳು

1. ಕಾಯಿಲೆ ಬಂದ ಮೇಲೆ ಸೇರಲು ಓಡಾಡಬೇಡಿ. ನೋಂದಣಿಯ ಅವಧಿಯನ್ನು ಸಹಕಾರ ಸಂಘದಲ್ಲಿ ಮೊದಲೇ ವಿಚಾರಿಸಿ.

2. ಮನೆಯ ಎಲ್ಲರ ಹೆಸರೂ ಸೇರಿದೆಯೇ, ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರುಗಳು ಹೊಂದುತ್ತವೆಯೇ ನೋಡಿ.

3. ಹತ್ತಿರದ ಯಾವ ಆಸ್ಪತ್ರೆ ಯೋಜನೆಗೆ ಒಳಪಟ್ಟಿದೆ, ಅಲ್ಲಿ ಯಾವ ಚಿಕಿತ್ಸೆ ಲಭ್ಯ ಎಂಬುದನ್ನು ತಿಳಿದಿರಿ.

4. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಆಸ್ಪತ್ರೆಗೆ ಯೋಜನೆಯ ಮಂಜೂರಾತಿ ಬಂದಿದೆಯೇ ಎಂದು ಕೇಳಿ.

5. ಮಾತ್ರೆ, ಪ್ರಯಾಣ, ಕೂಲಿ ನಷ್ಟಗಳಿಗಾಗಿ ಸ್ವಲ್ಪ ಹಣವನ್ನು ಬೇರೆಯಾಗಿ ಕೂಡಿಡಿ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯಲ್ಲಿ ಎಷ್ಟು ಕಾರ್ಡು ಹಂಚಲಾಯಿತು ಎಂಬುದರ ಜೊತೆಗೆ ಎಷ್ಟು ಮಂದಿ ಅದರಿಂದ ಚಿಕಿತ್ಸೆ ಪಡೆದರು ಎಂಬುದನ್ನೂ ಬರೆದಿಡುವುದು ಅವಶ್ಯಕ. ಆರೋಗ್ಯವಂತನಾಗಿದ್ದಾಗ ಕಟ್ಟಿದ ವಂತಿಗೆ ಈ ವರ್ಷ ನೆರೆಮನೆಯವನ ಜಮೀನು ಉಳಿಸಿದರೆ, ಮುಂದೊಂದು ವರ್ಷ ಕಟ್ಟಿದವನ ಜಮೀನನ್ನೂ ಉಳಿಸೀತು.