ತೊಗರಿ ಚೀಲದ ಪಕ್ಕ ಎರಡು ಸೀಟು

2025ರ ಮೇ ತಿಂಗಳ ಒಂದು ಮಧ್ಯಾಹ್ನ. ಸೊಲ್ಲಾಪುರದ ಆಸ್ಪತ್ರೆಯಿಂದ ಹೊರಟ ಹಳೆಯ ಪುಟ್ಟ ಕಾರೊಂದು ಗಡಿ ದಾಟಿ ಆಳಂದ ತಾಲ್ಲೂಕಿನ ಹಿರೋಳ್ಳಿಗೆ ಬಂತು. ಸ್ಟೇರಿಂಗ್ ಹಿಡಿದವನು ಈ ಅಂಕಣಕಾರ. ಪಕ್ಕದಲ್ಲಿ ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡ ಅಪ್ಪ. ಹಿಂದೆ ಅವ್ವ, ಏಳು ವರ್ಷದ ಮಗ, ಹೆಂಡತಿ, ಅವಳ ಮಡಿಲಲ್ಲಿ ಆರು ದಿನದ ಕೂಸು. ಬಾಣಂತಿಗೆ ಕಾಲು ಚಾಚಲು ಜಾಗವಿರಲಿಲ್ಲ. ಡಿಕ್ಕಿ ತುಂಬಿ ಮಿಕ್ಕ ಸಾಮಾನೆಲ್ಲ ಅವರವರ ಕಾಲ ಬುಡದಲ್ಲಿತ್ತು.

ಕೂಸು ನೋಡಲು ಬಂದ ಕಾಕಾ ಮೊದಲು ನೋಡಿದ್ದು ಗಾಡಿಯನ್ನು. "ತಮ್ಮಾ, ಮನಿ ಬೆಳಿಲಕತ್ತದ. ಇನ್ನ ತಗೊಂಡ್ರ ದೊಡ್ಡ ಗಾಡಿನೇ ತಗೊ."

"ದೊಡ್ಡ ಗಾಡಿ ದಿನಾ ಎಲ್ಲಿಗಿ ಹೋಗ್ತದ್ರಿ ಮಾವಾ?" ಒಳಗಿನಿಂದ ಹೆಂಡತಿಯ ದನಿ ಬಂತು.

ಊರ ಜನರ ಸಾಲದ ಲೆಕ್ಕ ಬರೆದುಕೊಡುವ ಅಂಕಣಕಾರ ತನ್ನ ಮನೆಯ ಗಾಡಿಯ ಲೆಕ್ಕ ಬರೆದಿದ್ದೇ ಇಲ್ಲ. ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಅವತ್ತಿನಿಂದ ಬರೆಯತೊಡಗಿದ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಲ್ಲಿ ಮನೆಯವರು ಗಾಡಿಯಲ್ಲಿ ಊರು ಬಿಟ್ಟದ್ದು 41 ಸಲ. ಅದರಲ್ಲಿ 23 ಸಲ ಅವನೊಬ್ಬನೇ, ಇಲ್ಲವೇ ಜೊತೆಗೆ ಇನ್ನೊಬ್ಬರು: ಆಳಂದದ ಕೆಲಸ, ಗೊಬ್ಬರ, ಅಪ್ಪನ ಬಿ.ಪಿ. ಮಾತ್ರೆ. ಮೂವರು ನಾಲ್ವರು ಹೋದದ್ದು 12 ಸಲ. ಆರೂ ಮಂದಿ ಹೊರಟದ್ದು 6 ಸಲ ಮಾತ್ರ. ಆ ಆರರಲ್ಲೂ ನಾಲ್ಕು ಸಲ, ಅಂದರೆ ಎರಡು ಮದುವೆ, ಒಂದು ಅಕ್ಕಲಕೋಟ, ಒಂದು ಗಾಣಗಾಪುರಕ್ಕೆ, ಕಾಕಾನ ಮನೆಯವರೂ ಸೇರಿದ್ದರಿಂದ ಕ್ರೂಸರ್ ಬಾಡಿಗೆಗೆ ಹಿಡಿದಿದ್ದರು.

ಕಲಬುರಗಿಯ ಓಡಾಟ ಲೆಕ್ಕದಲ್ಲಿ ಅಷ್ಟಾಗಿ ಇರಲೇ ಇಲ್ಲ. ಕಾರಣ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್‌ಗೆ ರೊಕ್ಕ ಕೊಡಬೇಕಿಲ್ಲ. ಅವ್ವ, ಹೆಂಡತಿ ಇಬ್ಬರೂ ಬಸ್ಸಿಗೇ ಹೋಗುತ್ತಾರೆ. ಪುಕ್ಕಟೆ ಬಸ್ಸಿರುವ ದಾರಿಗೆ ಪೆಟ್ರೋಲ್ ಸುಡುವುದನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಹಾಗಾದರೆ ಏಳು ಸೀಟು ಬೇಕೋ ಬೇಡವೋ? ಉತ್ತರ ಸೆಪ್ಟೆಂಬರ್ 22ರವರೆಗೆ ಕಾಯಿತು. ಅಂದು ಜಿಎಸ್‌ಟಿ ಹೊಸ ದರ ಜಾರಿಯಾಯಿತು. ಉದ್ದ 4 ಮೀಟರ್ ಮೀರದ, ಎಂಜಿನ್ 1200 ಸಿ.ಸಿ. ಒಳಗಿನ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ ಶೇ 29ರಷ್ಟಿದ್ದದ್ದು ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಶೇ 40. ಆ ಹೊತ್ತಿನ ಆರಂಭಿಕ ಶೋರೂಂ ಬೆಲೆಯಲ್ಲಿ ವ್ಯಾಗನ್ ಆರ್ 5 ಲಕ್ಷದ ಹತ್ತಿರ, ಏಳು ಸೀಟಿನ ರೆನೋ ಟ್ರೈಬರ್ 5.76 ಲಕ್ಷ, ಏಳು ಸೀಟಿನದೇ ಆದ ಮಾರುತಿ ಎರ್ಟಿಗಾ 8.80 ಲಕ್ಷ. ಎರ್ಟಿಗಾದ ಎಂಜಿನ್ 1462 ಸಿ.ಸಿ., ಉದ್ದವೂ 4 ಮೀಟರ್ ಮೇಲೆ. ಹೀಗಾಗಿ ಅದು ಶೇ 40ರ ಸಾಲಿನಲ್ಲಿ ನಿಂತಿತು.

ಕಾಕಾನ ಮನಸ್ಸಿನಲ್ಲಿದ್ದದ್ದು ಎರ್ಟಿಗಾ. ಒಳ್ಳೆಯ ಗಾಡಿಯೇ, ಆ ಮಾತಿಗೆ ಎದುರಿಲ್ಲ. ಆದರೆ ಟ್ರೈಬರಿಗೂ ಅದಕ್ಕೂ ಬೆಲೆಯಲ್ಲಿ 3 ಲಕ್ಷಕ್ಕೂ ಮೇಲೆ ಅಂತರ. ಆ ಅಂತರದ ಮೇಲೆ ಕರ್ನಾಟಕದ ಶೇ 14ರ ಆಜೀವ ತೆರಿಗೆ ಸೇರಿದರೆ ಸುಮಾರು 3.46 ಲಕ್ಷ. ಕ್ರೂಸರ್‌ಗೆ ಸಲಕ್ಕೆ 4,000 ರೂಪಾಯಿ ಹಿಡಿದರೆ ಈ ರೊಕ್ಕದಲ್ಲಿ 86 ಸಲ ಜಾತ್ರೆಗೆ ಹೋಗಬಹುದು. ಈ ಲೆಕ್ಕ ಕೇಳಿದ ಮೇಲೆ ಕಾಕಾ ಗಾಡಿಯ ಮಾತು ಬಿಟ್ಟು ಚಹಾ ಕೇಳಿದ.

ವ್ಯಾಗನ್ ಆರ್ ಇನ್ನೂ ಅಗ್ಗ. ಬಾಗಿಲು ಎತ್ತರ, ಮೊಣಕಾಲು ನೋವಿನ ಅವ್ವಗೆ ಹತ್ತಲು ಇಳಿಯಲು ಸಲೀಸು, 341 ಲೀಟರಿನ ಡಿಕ್ಕಿ. ತಡೆದದ್ದು ಎರಡು ಸಂಗತಿ. ಮೊದಲನೆಯದು ಕೂಸಿನ ಸೀಟು. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1,000 ರೂಪಾಯಿ ದಂಡ. ಮಡಿಲಲ್ಲಿ ಕೂಸು ಹಿಡಿದು ಹೋಗುವುದು ನಮ್ಮ ಕಡೆ ರೂಢಿ. ಗಾಡಿ ಗಕ್ಕನೆ ನಿಂತಾಗ ತಾಯಿಯ ಕೈ ಸೀಟು ಬೆಲ್ಟಿನ ಕೆಲಸ ಮಾಡುವುದಿಲ್ಲ. ಕೂಸಿಗೆ ಒಂದು ಸೀಟು ಹೋದರೆ ಐದು ಸೀಟಿನ ಗಾಡಿಯಲ್ಲಿ ಆರನೆಯವರು ಊರಲ್ಲೇ ಉಳಿಯಬೇಕು.

ಎರಡನೆಯದು ಅಪಘಾತ ಪರೀಕ್ಷೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟ್ರೈಬರ್‌ಗೆ 2021ರಲ್ಲಿ ದೊಡ್ಡವರ ರಕ್ಷಣೆಗೆ 4, ಮಕ್ಕಳ ರಕ್ಷಣೆಗೆ 3 ನಕ್ಷತ್ರ ಸಿಕ್ಕವು; ವ್ಯಾಗನ್ ಆರ್‌ಗೆ 2023ರಲ್ಲಿ ದೊಡ್ಡವರ ರಕ್ಷಣೆಗೆ ಒಂದೇ ನಕ್ಷತ್ರ. 2022ರ ನಡುವೆ ಪರೀಕ್ಷೆಯ ನಿಯಮ ಬಿಗಿಯಾಯಿತು, ಆದ್ದರಿಂದ ಇವೆರಡನ್ನು ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. 2025ರಲ್ಲಿ ಎರಡೂ ಗಾಡಿಗಳ ಎಲ್ಲ ಮಾದರಿಗಳಿಗೂ 6 ಏರ್‌ಬ್ಯಾಗ್ ಬಂದಿವೆ ಎಂಬುದನ್ನೂ ಹೇಳಬೇಕು. ಐದೇ ಮಂದಿಯ ಮನೆಯಾಗಿದ್ದರೆ ಅಂಕಣಕಾರ ಇನ್ನೂ ಒಂದು ವಾರ ತಲೆ ಕೆರೆದುಕೊಳ್ಳುತ್ತಿದ್ದ.

ಕೊನೆಗೆ ತೀರ್ಮಾನ ಮಾಡಿದ್ದು ಟ್ರೈಬರಿನ ಒಂದು ಗುಣ. ಅದರ ಮೂರನೇ ಸಾಲಿನ ಎರಡು ಸೀಟುಗಳನ್ನು ಕಳಚಿ ಮನೆಯಲ್ಲಿಡಬಹುದು. ಕಳಚಿದರೆ 625 ಲೀಟರಿನ ಡಿಕ್ಕಿ: ಜೋಳದ ಚೀಲ, ಗೊಬ್ಬರ, ತೊಟ್ಟಿಲು ಎಲ್ಲ ಹಿಡಿಯುತ್ತದೆ. ಜೋಡಿಸಿದರೆ ಏಳು ಸೀಟು, ಆದರೆ ಡಿಕ್ಕಿ ಬರೀ 84 ಲೀಟರ್. ಒಂದೆರಡು ಕೈಚೀಲಕ್ಕೆ ಸಾಕು. ಎಂಜಿನ್ 999 ಸಿ.ಸಿ.; ಮಂದಿ ತುಂಬಿ ಎ.ಸಿ. ಹಾಕಿದರೆ ಏರಿನಲ್ಲಿ ಗೇರ್ ಇಳಿಸಲೇಬೇಕು. ಸರ್ವಿಸಿಗೆ ಕಲಬುರಗಿಗೆ ಹೋಗಬೇಕು. ಇವೆಲ್ಲ ಗೊತ್ತಿದ್ದೇ ಒಪ್ಪಿದ್ದು.

ಗಡಿಯ ಊರಲ್ಲಿ ಇನ್ನೊಂದು ಆಸೆ ಇದ್ದೇ ಇರುತ್ತದೆ: ಎಂ.ಎಚ್. 13 ನಂಬರಿನ ಗಾಡಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 14, ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11. ಆರೂವರೆ ಲಕ್ಷದ ಗಾಡಿಗೆ ಸುಮಾರು 19,500 ರೂಪಾಯಿ ವ್ಯತ್ಯಾಸ. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು.

ಅಂಕಣಕಾರ ಇದನ್ನು ಪುಸ್ತಕ ಓದಿ ಕಲಿತವನಲ್ಲ. 2018ರಲ್ಲಿ ಗಡಿಯಾಚೆಯ ಏಜೆಂಟನೊಬ್ಬನಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಇಲ್ಲಿಗಿಂತ 40,000 ಕಡಿಮೆ ಎಂದು ಪೇಢೆ ಹಂಚಿದ. ಆಮೇಲೆ ಗೊತ್ತಾಯಿತು, ಹಿಂದಿನ ಮಾಲೀಕನ ಬ್ಯಾಂಕ್ ಸಾಲ ತೀರಿರಲಿಲ್ಲ. ಸಾಲ ತೀರಿದ್ದಕ್ಕೆ ಬೇಕಾದ ಫಾರಂ 35 ಇಲ್ಲ, ಅದಿಲ್ಲದೆ ಎನ್‌ಒಸಿ ಇಲ್ಲ. 14 ತಿಂಗಳು ತಿರುಗಾಡಿ, ಇಲ್ಲಿಯ ತೆರಿಗೆ ಕಟ್ಟಿ, ಕೆ.ಎ. 32 ನಂಬರ್ ಬರುವ ಹೊತ್ತಿಗೆ ಉಳಿಸಿದ್ದು ಹೋಗಿ ಮೇಲೆ 3,000 ಕೈಬಿಟ್ಟಿತ್ತು. ಹಳೆ ಗಾಡಿ ಕೊಳ್ಳುವವರು ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇದೆಯೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಿ ಮುಂಗಡ ಕೊಡಲಿ. ಎರಡು ನಿಮಿಷದ ಕೆಲಸ.

ಆ ಕಾರು ಒಂದು ಉಪಕಾರ ಮಾಡಿತ್ತು. ಐದು ವರ್ಷಕ್ಕೂ ಮೇಲೆ ಒಂದೂ ಕ್ಲೇಮ್ ಇರಲಿಲ್ಲ, ಹೀಗಾಗಿ ನೋ ಕ್ಲೇಮ್ ಬೋನಸ್ ಶೇ 50 ಆಗಿತ್ತು. ಈ ಬೋನಸ್ ಮಾಲೀಕನದು, ಗಾಡಿಯದಲ್ಲ. ಹಳೆಯದನ್ನು ಮಾರುವಾಗ ವಿಮೆ ಕಂಪನಿಯಿಂದ ಪತ್ರ ಪಡೆದರೆ ಹೊಸ ಗಾಡಿಯ ಸ್ವಂತ ಹಾನಿ ವಿಮೆಗೆ ಅದು ನಡೆಯುತ್ತದೆ. ಶೋರೂಮಿನವರು ಬರೆದ ವಿಮೆಯ ಚೀಟಿಯಲ್ಲಿ ಅದು ಇರಲಿಲ್ಲ. ಕೇಳಿದ ಮೇಲೆ ಬಂತು. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. 1000 ಸಿ.ಸಿ. ಒಳಗಿದ್ದರೆ 6,521 ರೂಪಾಯಿ, 1500ರವರೆಗೆ 10,640. 999 ಸಿ.ಸಿ. ಎಂಬ ಅಂಕಿ ಇಲ್ಲಿ ಕೈ ಹಿಡಿಯಿತು.

ಇನ್ನು ಸಾಲ. ಬೇಕಾದದ್ದು 4 ಲಕ್ಷ, ಬಡ್ಡಿ ಶೇ 9. ಐದು ವರ್ಷಕ್ಕಾದರೆ ತಿಂಗಳಿಗೆ 8,303 ರೂಪಾಯಿ, ಒಟ್ಟು ಬಡ್ಡಿ 98,200. ಏಳು ವರ್ಷಕ್ಕೆ ಎಳೆದರೆ ಕಂತು 6,436, ಬಡ್ಡಿ 1.40 ಲಕ್ಷ ದಾಟುತ್ತದೆ. ಕಂತು ಹಗುರ ಎನ್ನುವುದಕ್ಕೆ ಕೊಡುವ ಬೆಲೆ 42,000.

ವಿದೇಶದಲ್ಲಿ 20-4-10 ಎಂಬ ಸೂತ್ರವಿದೆ: ಶೇ 20 ಮುಂಗಡ, 4 ವರ್ಷದ ಸಾಲ, ಗಾಡಿಯ ತಿಂಗಳ ಖರ್ಚು ಆದಾಯದ ಶೇ 10ರೊಳಗೆ. ಅಂಕಣಕಾರನ ಸಂಬಳ 46,000. ಅದರ ಶೇ 10, ಅಂದರೆ 4,600, ಪೆಟ್ರೋಲಿಗೇ ಸರಿ ಹೋಗುತ್ತದೆ. ಸೂತ್ರ ಹಿಡಿದರೆ ಈ ಸೀಮೆಯಲ್ಲಿ ಕಾರು ಕೊಳ್ಳುವವರು ಬೆರಳೆಣಿಕೆ. ಹಾಗೆಂದು ಸೂತ್ರ ಸುಳ್ಳಲ್ಲ. ಕಂತು, ಪೆಟ್ರೋಲ್, ಸರ್ವಿಸ್, ಮುಂದಿನ ವರ್ಷದ ವಿಮೆಗೆ ಎತ್ತಿಡುವುದು ಎಲ್ಲ ಸೇರಿ ತಿಂಗಳಿಗೆ 14,800 ಆಗುತ್ತದೆ. ಮನೆ ಬಾಡಿಗೆ ಇಲ್ಲ, ಜೋಳ ಬೇಳೆ ಹೊಲದಿಂದ ಬರುತ್ತವೆ, ಸಂತೆ ಖರ್ಚು ಹೆಂಡತಿಯ ಹೊಲಿಗೆ ಯಂತ್ರ ನೋಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಈ ಗಾಡಿಯೂ ಭಾರವೇ.

ಅಪ್ಪನ ಅಂದಾಜು ಬೇರೆ ಇತ್ತು. "ತೊಗರಿ ಬರ್ತದಲ್ಲ, ಕಟ್ಟಿದ್ರಾಯ್ತು." ತೊಗರಿ ವರ್ಷಕ್ಕೊಮ್ಮೆ ಬರುತ್ತದೆ, ಕಂತು ತಿಂಗಳಿಗೊಮ್ಮೆ. 2022ರಲ್ಲಿ ನೆಟೆ ರೋಗಕ್ಕೆ ನಿಂತ ನಿಲುವಿನಲ್ಲೇ ಹೊಲ ಒಣಗಿತು. 2025ರ ಆಗಸ್ಟ್, ಸೆಪ್ಟೆಂಬರ್ ಮಳೆಗೆ ಕಲಬುರಗಿ ಜಿಲ್ಲೆಯ ಎರೆ ಹೊಲಗಳಲ್ಲಿ ನೀರು ನಿಂತಿತು. ಕ್ವಿಂಟಲಿಗೆ 8,000 ಬೆಂಬಲ ಬೆಲೆ ಎಂದು ಸರ್ಕಾರ ಘೋಷಿಸಬಹುದು. ಬೆಳೆಯೇ ಕೈಗೆ ಬರದಿದ್ದರೆ ಅದರಿಂದೇನು? ಅದಕ್ಕೆ ಮನೆಯಲ್ಲಿ ಒಂದು ಕರಾರು ಆಯಿತು. ಕಂತು ಸಂಬಳದಿಂದ. ತೊಗರಿಯ ರೊಕ್ಕ ಬಂದರೆ ಅದು ಅಸಲಿಗೆ. ಆರು ಕಂತಿನಷ್ಟು, ಅಂದರೆ 50,000 ರೂಪಾಯಿ, ಬ್ಯಾಂಕಿನಲ್ಲಿ ಯಾರೂ ಮುಟ್ಟದಂತೆ. ಮಧ್ಯದಲ್ಲಿ ಅಸಲು ಕಟ್ಟಿದರೆ ದಂಡ ಹಾಕುತ್ತೀರೋ ಇಲ್ಲವೋ ಎಂದು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಕೇಳಿದ್ದಾಯಿತು.

ದೀಪಾವಳಿಗೆ ಗಾಡಿ ಬಂತು. ಎರಡು ಸೀಟು ಅಂದೇ ಕಳಚಿ, ಗೋಣಿ ತಾಟು ಸುತ್ತಿ, ಕಾಳಿನ ಕೋಣೆಯಲ್ಲಿ ತೊಗರಿ ಚೀಲ ಇಡುವ ಜಾಗದ ಪಕ್ಕ ಇಟ್ಟರು. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಭೀಮಾ ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೊರಡುವಾಗ ಮೊದಲ ಸಲ ಹೊರ ತೆಗೆದು ಜೋಡಿಸಿದರು. ಕೂಸು ತನ್ನ ಸೀಟಿನಲ್ಲಿ, ಮಗ ಹಟ ಹಿಡಿದು ಕೊನೆಯ ಸಾಲಿನಲ್ಲಿ, ಬುತ್ತಿಯ ಗಂಟು ಅಪ್ಪನ ತೊಡೆಯ ಮೇಲೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಗಾಡಿ ಡಾಂಬರು ರಸ್ತೆಯಲ್ಲೇ ನಿಂತಿತು. ಎರೆ ದಾರಿಯಲ್ಲಿ ಎಂದಿನಂತೆ ಟ್ರ್ಯಾಕ್ಟರ್ ಟ್ರಾಲಿ.

ಜನವರಿಯಲ್ಲಿ ರಾಶಿ ಮುಗಿಯಿತು. ಕಳೆದ ವರ್ಷದ ಅರ್ಧವೂ ಬರಲಿಲ್ಲ, ಅಸಲಿಗೆ ಕಟ್ಟಲು ಏನೂ ಉಳಿಯಲಿಲ್ಲ. 5ನೇ ತಾರೀಖಿನ ಕಂತು 8,303 ರೂಪಾಯಿ ಸಂಬಳದ ಖಾತೆಯಿಂದ ಹೋಯಿತು. ಎರಡು ಸೀಟು ಮತ್ತೆ ಕಾಳಿನ ಕೋಣೆಯಲ್ಲಿವೆ. ಈ ವರ್ಷ ಅವುಗಳ ಪಕ್ಕ ಚೀಲ ಕಡಿಮೆ.