ಸೋತಾಗ ಬಿಡಬೇಡಿ: ಕಿಟೆಲ್ ಅವರ ನಿಘಂಟು ಕಲಿಸುವ ಪಾಠ



ಕಳೆದ ವಾರ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. "ಬ್ರದರ್, ಏಳು ಇಂಟರ್‌ವ್ಯೂ ಆಯ್ತು, ಏಳರಲ್ಲೂ ರಿಜೆಕ್ಟ್. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆಯಾ?" ಅಂತ ಕೇಳಿದ. ಏನು ಹೇಳಬೇಕೋ ತೋಚಲಿಲ್ಲ. "ಪ್ರಾರ್ಥನೆ ಮಾಡೋಣ" ಅಂದುಬಿಟ್ಟೆ. ಆ ಉತ್ತರ ಸಾಲದು ಅಂತ ನನಗೇ ಗೊತ್ತಿತ್ತು. ಇವತ್ತು ಉಳಿದದ್ದನ್ನ ಹೇಳ್ತೇನೆ.

ಫರ್ಡಿನಾಂಡ್ ಕಿಟೆಲ್ ಅವರ ಹೆಸರು ಕೇಳಿದ್ದೀರಿ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಷನ್ ಮೂಲಕ ನಮ್ಮ ನಾಡಿಗೆ ಬಂದಾಗ ವಯಸ್ಸು 21. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು! ಬಂದದ್ದು ಹುಡುಗನಾಗಿ, ಪುಸ್ತಕ ಕೈಗೆ ಸಿಕ್ಕಾಗ ವಯಸ್ಸು ಅರವತ್ತು ದಾಟಿತ್ತು.

ಇದರಿಂದ ಮೂರು ಪಾಠ ಗಮನಿಸಿ.

1. ದೊಡ್ಡ ಕೆಲಸಕ್ಕೆ ಚಿಕ್ಕ ಮೆಟ್ಟಿಲುಗಳಿವೆ. ನಿಘಂಟಿಗೆ ಮೊದಲು ಅವರು 1872ರಲ್ಲಿ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಹಳಗನ್ನಡ ಓದದೆ ನಿಘಂಟು ಬರೆಯೋಕಾಗಲ್ಲ. ನಾವು ಮೆಟ್ಟಿಲು ಹತ್ತದೆ ಮಹಡಿ ಕೇಳ್ತೇವೆ.

2. ಅಡ್ಡಿ ಬಂದದ್ದು ಅಂತ್ಯವಲ್ಲ. ಮೊದಲ ಹೆಂಡತಿ ಚಿಕ್ಕ ವಯಸ್ಸಲ್ಲೇ ತೀರಿಕೊಂಡರು. 1877ರಲ್ಲಿ ಊರಿಗೆ ಮರಳಿದವರು ಕೆಲಸ ಕೈಬಿಡದೆ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. ನಿಘಂಟು ಮುಗಿದ ಮೇಲೂ ನಿಲ್ಲಲಿಲ್ಲ. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ.

3. ಕಲಿಯೋಕೆ ತಗ್ಗಬೇಕು. ಇಲ್ಲಿಯ ಪಂಡಿತರ ಹತ್ತಿರ ಕೂತು ಕಲಿತರು. ಜನರ ಬಾಯಲ್ಲಿದ್ದ ಗಾದೆಗಳನ್ನೂ ನಿಘಂಟಿಗೆ ಸೇರಿಸಿದರು. ನಾನು ಬೈಬಲ್ ಕಾಲೇಜಲ್ಲಿ ಗ್ರೀಕ್ ಪರೀಕ್ಷೆ ಎರಡು ಸಲ ಫೇಲ್ ಆದೆ. ಮೂರನೇ ಸಲ ಪಾಸಾದದ್ದು ಉಪವಾಸದಿಂದ ಮಾತ್ರ ಅಲ್ಲ. ನಾಚಿಕೆ ಬಿಟ್ಟು ಜೂನಿಯರ್ ಒಬ್ಬನ ಹತ್ತಿರ ಹೇಳಿಸಿಕೊಂಡೆ.

ಆದರೆ ಒಂದು ಎಚ್ಚರಿಕೆ. ಬಿಡದೆ ದುಡಿದವರೆಲ್ಲ ಗೆಲ್ಲುತ್ತಾರೆ ಅಂತ ನಾನು ಹೇಳ್ತಿಲ್ಲ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಒಂದು ವೇಳೆ ಆ ನಿಘಂಟು ಅರ್ಧಕ್ಕೇ ನಿಂತಿದ್ದರೆ ದೇವರು ಕಿಟೆಲ್ ಅವರನ್ನ ಕಡಿಮೆ ಪ್ರೀತಿಸುತ್ತಿದ್ದರಾ? ಇಲ್ಲ! ಆಫರ್ ಲೆಟರ್ ನಿಮ್ಮ ವಿಶ್ವಾಸದ ಸರ್ಟಿಫಿಕೇಟ್ ಅಲ್ಲ, ರಿಜೆಕ್ಷನ್ ಮೇಲ್ ದೇವರ ಶಾಪವೂ ಅಲ್ಲ.

ತಮ್ಮಾ, ನಿನ್ನ ವಿಶ್ವಾಸದಲ್ಲಿ ಕೊರತೆ ಇಲ್ಲ. ಏಳು ಸಲ ಬಿದ್ದು ಭಾನುವಾರ ಸಭೆಗೆ ಬಂದೆಯಲ್ಲ, ಅದೇ ವಿಶ್ವಾಸ.

ಈ ವಾರ ಗಲಾತ್ಯ 6:9 ಓದಿ ಧ್ಯಾನಿಸಿ. ನೀವು ಅರ್ಧಕ್ಕೆ ಬಿಟ್ಟ ಒಂದು ಕೆಲಸ ಬರೆದುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಅದಕ್ಕೆ ಕೊಡಿ. ಗೊತ್ತಿರುವವರೊಬ್ಬರ ಹತ್ತಿರ ಸಹಾಯ ಕೇಳಿ. ಮುಂದಿನ ಭಾನುವಾರ ಸಾಕ್ಷಿ ಹೇಳಿ, ಗೆದ್ದಿದ್ದರೂ ಸರಿ, ಇನ್ನೂ ನಡೀತಿದ್ದರೂ ಸರಿ.

ಕರ್ತನು ನಿಮ್ಮನ್ನು ಬಲಪಡಿಸಲಿ. ಆಮೆನ್.